ಗಂಡನ ಮನೆಯಿಂದ ತವರಿಗೆ: ಬಸುರಿಯ ತಪಾಸಣೆಗಳು ನಡುವೆ ತಪ್ಪದಂತೆ ನೋಡಿಕೊಳ್ಳುವ ಬಗೆ

ನಮ್ಮ ಕಡೆ ಬಸುರಿಯ ಆರೈಕೆ ಎರಡು ಮನೆಗಳ ನಡುವೆ ಹಂಚಿಹೋಗಿರುತ್ತದೆ. ಮುಟ್ಟು ನಿಂತಂದಿನಿಂದ ಏಳನೆಯ ತಿಂಗಳವರೆಗೆ ಗಂಡನ ಮನೆ, ಸೀಮಂತ ಮುಗಿದ ಮೇಲೆ ತವರು, ಮಗು ಹುಟ್ಟಿ ಮೂರೋ ಐದೋ ತಿಂಗಳಾದ ಮೇಲೆ ಮತ್ತೆ ಗಂಡನ ಮನೆ. ಮನೆ ಬದಲಾದಂತೆ ಆಶಾ ಕಾರ್ಯಕರ್ತೆ ಬದಲಾಗುತ್ತಾರೆ, ಉಪಕೇಂದ್ರದ ಸಿಸ್ಟರ್ ಬದಲಾಗುತ್ತಾರೆ, ಹೆರಿಗೆಗೆ ಹೋಗಬೇಕಾದ ಆಸ್ಪತ್ರೆಯೂ ಬದಲಾಗುತ್ತದೆ. ನಾನು ಕಂಡಂತೆ ತಪಾಸಣೆಗಳು ತಪ್ಪಿಹೋಗುವುದು ಹೆಚ್ಚಾಗಿ ಈ ಬದಲಾವಣೆಯ ವಾರಗಳಲ್ಲಿಯೇ. ಯಾರೂ ಅಸಡ್ಡೆ ಮಾಡಿರುವುದಿಲ್ಲ. ಆದರೆ ಇಲ್ಲಿಯವರು ಅಲ್ಲಿ ತೋರಿಸುತ್ತಾಳೆ ಎಂದುಕೊಂಡಿರುತ್ತಾರೆ, ಅಲ್ಲಿಯವರು ಇಲ್ಲಿ ತೋರಿಸಿಕೊಂಡೇ ಬಂದಿದ್ದಾಳೆ ಎಂದುಕೊಂಡಿರುತ್ತಾರೆ.

ನನ್ನ ತಂಗಿಯ ಮೊದಲ ಬಸಿರಿನಲ್ಲಿ ಆದದ್ದೂ ಇದೇ. ಸೀಮಂತ ಮುಗಿಸಿ ಅವಳು ತವರಿಗೆ ಬಂದಾಗ 28 ವಾರ ತುಂಬುವುದರಲ್ಲಿತ್ತು. ಬಸುರಿಯ ತಪಾಸಣೆಗಳನ್ನೆಲ್ಲ ಬರೆದಿಡುವ ಅವಳ ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲಿ, ಮದುವೆಯ ಸೀರೆಗಳ ಕೆಳಗೆ, ಒಡವೆ ಅಂಗಡಿಯ ಚೀಲವೊಂದರಲ್ಲಿ ಭದ್ರವಾಗಿ ಉಳಿದುಬಿಟ್ಟಿತ್ತು. ಅವಳ ರಕ್ತದ ಗುಂಪು ಓ ನೆಗೆಟಿವ್ ಎಂದು ಆ ಕಾರ್ಡಿನ ಒಳಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದರು; ಅದರ ಅರ್ಥ ನಮ್ಮ ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಕಾರ್ಡ್ ನಮ್ಮ ಕೈಸೇರುವ ಹೊತ್ತಿಗೆ ನಾಲ್ಕು ವಾರ ಕಳೆದು, ನೆಗೆಟಿವ್ ಗುಂಪಿನವರಿಗೆ 28ನೆಯ ವಾರದಲ್ಲಿ ಕೊಡಬೇಕಿದ್ದ ಚುಚ್ಚುಮದ್ದು 32ರಲ್ಲಿ ಸಿಕ್ಕಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ವಾರ ಮನೆಯವರೆಲ್ಲ ಪಟ್ಟ ತಳಮಳ ಇನ್ನೊಂದು ಮನೆಗೆ ಬರಬಾರದೆಂದು, ಕರ್ನಾಟಕದಲ್ಲಿ ಬಸುರಿಯ ತಪಾಸಣೆಗಳನ್ನು ಹೇಗೆ ಗೊತ್ತುಪಡಿಸಿಕೊಳ್ಳಬೇಕು, ಊರು ಬಿಡುವಾಗ ಅವನ್ನು ಹೇಗೆ ಜೊತೆಯಲ್ಲಿ ಒಯ್ಯಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಟ್ಟು ನಿಂತ ಕೂಡಲೇ ಮಾಡಬೇಕಾದದ್ದು

ಕೊನೆಯ ಮುಟ್ಟು ಶುರುವಾದ ಮೊದಲ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮುಟ್ಟು ಮುಗಿದ ದಿನವನ್ನಲ್ಲ, ಶುರುವಾದ ದಿನವನ್ನು. ಮುಂದಿನ ಒಂಬತ್ತು ತಿಂಗಳ ಲೆಕ್ಕವೆಲ್ಲ ನಿಲ್ಲುವುದು ಈ ಒಂದು ತಾರೀಕಿನ ಮೇಲೆ. ಅದಕ್ಕೆ ಒಂಬತ್ತು ತಿಂಗಳು ಮತ್ತು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಉದಾಹರಣೆಗೆ, ಜನವರಿ 10ರಂದು ಮುಟ್ಟಾಗಿದ್ದರೆ ಹೆರಿಗೆಯ ಅಂದಾಜು ದಿನ ಅಕ್ಟೋಬರ್ 17. ಮುಟ್ಟು ಪ್ರತಿ ತಿಂಗಳು 28 ದಿನಕ್ಕೊಮ್ಮೆ ಸರಿಯಾಗಿ ಬರುವವರಿಗೆ ಈ ಲೆಕ್ಕ ಹೊಂದುತ್ತದೆ. ಹಿಂದೆ ಮುಂದೆ ಆಗುವವರಿಗೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಕೊಡುವ ತಾರೀಕೇ ಹೆಚ್ಚು ನಂಬಿಕೆಯದು. ಮನೆಯ ಹಿರಿಯರು ತಿಂಗಳುಗಳಲ್ಲಿ ಎಣಿಸುತ್ತಾರೆ, ಆಸ್ಪತ್ರೆಯವರು ವಾರಗಳಲ್ಲಿ ಎಣಿಸುತ್ತಾರೆ. ಐದು ತುಂಬಿ ಆರರಲ್ಲಿ ಬಿದ್ದಿದೆ ಎಂದು ಹೇಳಿದರೆ ಯಾವ ಪರೀಕ್ಷೆಯ ಕಾಲ ಬಂತು ಎಂಬುದು ಸಿಸ್ಟರ್‌ಗೆ ತಿಳಿಯುವುದಿಲ್ಲ, ಹಾಗಾಗಿ ವಾರದ ಲೆಕ್ಕವನ್ನು ರೂಢಿಸಿಕೊಳ್ಳುವುದು ಒಳ್ಳೆಯದು.

ಮುಟ್ಟು ಒಂದು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಕಿಟ್ ಸಿಗುತ್ತದೆ. ನಿಶ್ಚಯ್ ಎಂಬ ಹೆಸರಿನ ಕಿಟ್ಟನ್ನು ಆಶಾ ಕಾರ್ಯಕರ್ತೆಯರು ಉಚಿತವಾಗಿ ಕೊಡುತ್ತಾರೆ. ಬಸಿರು ಖಚಿತವಾದ ಮೇಲೆ ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ನೆಂಟರಿಷ್ಟರಿಗೆ ಹೇಳದಿರುವುದು ನಿಮ್ಮ ಇಷ್ಟ. ಆದರೆ ಆಶಾ ಕಾರ್ಯಕರ್ತೆಗೆ, ಸಿಸ್ಟರ್‌ಗೆ ಇಲ್ಲವೇ ವೈದ್ಯರಿಗೆ ಮಾತ್ರ ತಡಮಾಡದೆ ಹೇಳಿ. ಮಗುವಿನ ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವೇ ವಾರಗಳಲ್ಲಿ. ಅದಕ್ಕೆ ಬೇಕಾದ ಫೋಲಿಕ್ ಆಸಿಡ್ ಮಾತ್ರೆಯನ್ನು ನಾಲ್ಕನೆಯ ತಿಂಗಳಲ್ಲಿ ಶುರುಮಾಡಿದರೆ ಆ ಕಾಲ ಕಳೆದುಹೋಗಿರುತ್ತದೆ.

ಹೆಸರು ಬರೆಸುವುದು ಎಲ್ಲಿ, ಯಾರ ಬಳಿ

ಹಿಂದೆ ಊರಿನ ಸೂಲಗಿತ್ತಿಯೇ ಎಲ್ಲವೂ ಆಗಿದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಕೂಲಿ ಪಡೆಯದೆ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದದ್ದು ನಮಗೆಲ್ಲ ನೆನಪಿದೆ. ಆ ಕೈಗಳ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕಾದದ್ದೆಂದರೆ, ರಕ್ತಸ್ರಾವ ನಿಲ್ಲದಿದ್ದಾಗ ರಕ್ತ ಕೊಡಲು, ಮಗು ಅಡ್ಡ ತಿರುಗಿದಾಗ ಶಸ್ತ್ರಚಿಕಿತ್ಸೆ ಮಾಡಲು ಮನೆಯಲ್ಲಿ ಆಗದು. ಇಂದು ಆ ಜಾಗದಲ್ಲಿರುವವರು ಉಪಕೇಂದ್ರದ ಸಿಸ್ಟರ್. ಅವರದು ಸೂಲಗಿತ್ತಿಯ ಕೆಲಸದಲ್ಲೂ ದಾದಿಯ ಕೆಲಸದಲ್ಲೂ ತರಬೇತಿ ಪಡೆದ ಹುದ್ದೆ. ಹಿಂದೆ ಅವರನ್ನು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನ್ನುತ್ತಿದ್ದರು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. ಜನ ಮಾತ್ರ ಅಂದಿನಿಂದಲೂ ಸಿಸ್ಟರ್ ಎಂದೋ ನರ್ಸಮ್ಮ ಎಂದೋ ಕರೆಯುತ್ತಾರೆ.

ಹಳ್ಳಿಯಲ್ಲಿರುವವರು ಮೊದಲು ಆಶಾ ಕಾರ್ಯಕರ್ತೆಯನ್ನು ಕಾಣಬೇಕು. ಸುಮಾರು ಸಾವಿರ ಜನರಿಗೆ ಒಬ್ಬರಂತೆ ಇರುವುದರಿಂದ ಅವರು ನಿಮ್ಮ ಊರಿನವರೇ, ಬಹುಶಃ ನಿಮ್ಮ ಕೇರಿಯವರೇ ಆಗಿರುತ್ತಾರೆ. ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲಿ ಕೇಳಿದರೆ ತಿಳಿಯುತ್ತದೆ. ಉಪಕೇಂದ್ರದಲ್ಲಿ ಬಸುರಿಯರನ್ನು ಯಾವ ವಾರ ನೋಡುತ್ತಾರೆ, ಅಂಗನವಾಡಿಗೆ ಸಿಸ್ಟರ್ ಯಾವಾಗ ಬರುತ್ತಾರೆ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಚುಚ್ಚುಮದ್ದಿನ ದಿನ ಹಲವೆಡೆ ಗುರುವಾರ. ನಿಮ್ಮ ಊರಿನ ದಿನವನ್ನು ಕೇಳಿ ಖಚಿತಪಡಿಸಿಕೊಳ್ಳಿ. ಪಟ್ಟಣದಲ್ಲಿ ಇರುವವರಿಗೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಹತ್ತಿರದಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್ ಇದ್ದರೆ ಅಲ್ಲಿ ವಿಚಾರಿಸಿದರೂ ದಾರಿ ತೋರಿಸುತ್ತಾರೆ. ಬಾಡಿಗೆ ಮನೆಯಲ್ಲಿರುವವರು, ಕೆಲಸಕ್ಕಾಗಿ ಬೇರೆ ಜಿಲ್ಲೆಯಿಂದ ಬಂದವರು ತಮ್ಮ ವಿಳಾಸ ಇಲ್ಲಿಯದಲ್ಲವಲ್ಲ ಎಂದು ಹಿಂಜರಿಯುವುದನ್ನು ನೋಡಿದ್ದೇನೆ. ನೀವು ಈಗ ಎಲ್ಲಿ ವಾಸವಾಗಿದ್ದೀರೋ ಅಲ್ಲಿಯೇ ಹೆಸರು ಬರೆಸಬಹುದು.

ಖಾಸಗಿ ವೈದ್ಯರಲ್ಲಿ ತೋರಿಸುವ ಮನಸ್ಸಿದ್ದರೂ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆದುಕೊಳ್ಳಿ ಎಂಬುದು ನನ್ನ ಬಲವಾದ ಸಲಹೆ. ಎರಡನ್ನೂ ಒಟ್ಟಿಗೆ ನಡೆಸಬಹುದು. ಖಾಸಗಿ ಆಸ್ಪತ್ರೆಯ ಕಡತ ಆ ಆಸ್ಪತ್ರೆಯ ಬಾಗಿಲಿನೊಳಗೇ ಉಳಿಯುತ್ತದೆ. ತಾಯಿ ಕಾರ್ಡನ್ನು ರಾಜ್ಯದ ಯಾವ ಮೂಲೆಯ ಸಿಸ್ಟರ್ ಆದರೂ ಓದಿ ಅರ್ಥಮಾಡಿಕೊಳ್ಳಬಲ್ಲರು.

ಮೊದಲ ಭೇಟಿ

ಇದು 12 ವಾರದೊಳಗೆ ಆಗಬೇಕು. ಮೇಲಿನ ಉದಾಹರಣೆಯಲ್ಲಿ ಏಪ್ರಿಲ್ 4ರೊಳಗೆ ಎಂದಾಯಿತು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಮತ್ತು ಸದಾ ನಿಮ್ಮ ಕೈಯಲ್ಲೇ ಇರುವ ಫೋನಿನ ಸಂಖ್ಯೆ ಇಟ್ಟುಕೊಂಡು ಹೋಗಿ. ಇವುಗಳಲ್ಲಿ ಒಂದು ಇಲ್ಲವೆಂದು ಭೇಟಿಯನ್ನು ಮುಂದೂಡಬೇಡಿ. ತಪಾಸಣೆ ಮೊದಲು ಆಗಲಿ, ಕಾಗದ ಆಮೇಲೆ ಬರಲಿ. ಗಂಡನ ಫೋನಿನ ಸಂಖ್ಯೆಯನ್ನು ಮಾತ್ರ ಬರೆಸಿದರೆ ನೆನಪಿಸುವ ಕರೆಗಳು ಕೆಲಸದ ಜಾಗದಲ್ಲಿರುವ ಅವರಿಗೆ ಹೋಗಿ ಅಲ್ಲಿಯೇ ಮರೆತುಹೋಗುತ್ತವೆ ಎಂಬುದನ್ನೂ ಗಮನಿಸಿ.

ಆ ದಿನ ಎತ್ತರ, ತೂಕ, ರಕ್ತದೊತ್ತಡ ನೋಡುತ್ತಾರೆ. ರಕ್ತದಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳು, ಮೂತ್ರದಲ್ಲಿ ಪ್ರೋಟೀನ್ ಮತ್ತು ಸಕ್ಕರೆಯ ಪರೀಕ್ಷೆ ನಡೆಯುತ್ತವೆ. ಎಚ್‌ಐವಿ ಪರೀಕ್ಷೆ ಎಂದೊಡನೆ ನಮ್ಮ ಮೇಲೆ ಅನುಮಾನವೇ ಎಂದು ಮುಖ ಸಣ್ಣ ಮಾಡಿಕೊಳ್ಳುವ ಅಗತ್ಯವಿಲ್ಲ, ಅದನ್ನು ಬಸುರಿಯರೆಲ್ಲರಿಗೂ ಮಾಡುತ್ತಾರೆ. ಸೋಂಕು ಇದ್ದರೂ ಮೊದಲೇ ತಿಳಿದರೆ ಮಗುವಿಗೆ ತಗಲದಂತೆ ಔಷಧಿ ಕೊಡಬಹುದು.

ಸಿಸ್ಟರ್ ಕೇಳುವ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿ. ಹಿಂದೆ ಗರ್ಭ ಇಳಿದಿತ್ತೇ, ಹುಟ್ಟಿದ ಮಗು ತೀರಿಕೊಂಡಿತ್ತೇ, ಸಿಸೇರಿಯನ್ ಆಗಿತ್ತೇ, ಥೈರಾಯ್ಡ್, ಸಕ್ಕರೆ, ಮೂರ್ಛೆ ರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂಬುದೆಲ್ಲ ಮುಂದಿನ ಆರೈಕೆಯನ್ನು ಬದಲಿಸುವ ಸಂಗತಿಗಳು. ಅತ್ತೆಯವರ ಎದುರು ಹೇಳಲಾಗದ ವಿಷಯವಿದ್ದರೆ, "ಸಿಸ್ಟರ್, ನಿಮ್ಮ ಹತ್ತಿರ ಒಂದು ನಿಮಿಷ ಒಬ್ಬಳೇ ಮಾತಾಡಬೇಕಿತ್ತು" ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಹೊರಡುವ ಮುನ್ನ ಎರಡು ಕೆಲಸ ಮಾಡಿ. ಮುಂದಿನ ಸಲ ಯಾವತ್ತು ಬರಬೇಕೆಂದು ಕೇಳಿ, ಆ ತಾರೀಕನ್ನು ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಮುಂದಿನ ತಿಂಗಳು ಬಾಮ್ಮ ಎಂದದ್ದು ಯಾವ ವಾರವೆಂದು ತಿಳಿಯದೆ ಮೂವತ್ತು ದಿನ ನಲವತ್ತೈದಾಗುತ್ತದೆ. ಎರಡನೆಯದಾಗಿ, ಕಾರ್ಡಿನಲ್ಲಿ ಆರ್‌ಸಿಎಚ್ ಸಂಖ್ಯೆ ಬರೆದಿದ್ದಾರೆಯೇ ನೋಡಿಕೊಳ್ಳಿ. ನಿಮ್ಮ ಹೆಸರು ಸರ್ಕಾರದ ಗಣಕದಲ್ಲಿ ಸೇರಿದೆ ಎಂಬುದಕ್ಕೆ ಅದೇ ಗುರುತು; ತವರಿನ ಸಿಸ್ಟರ್ ನಿಮ್ಮನ್ನು ಹುಡುಕುವುದೂ ಅದರಿಂದಲೇ.

ಮುಂದಿನ ಭೇಟಿಗಳ ಕ್ಯಾಲೆಂಡರ್

ಸರ್ಕಾರದ ಕ್ರಮದಲ್ಲಿ ಕನಿಷ್ಠ ನಾಲ್ಕು ತಪಾಸಣೆಗಳಿವೆ: ಮೊದಲನೆಯದು 12 ವಾರದೊಳಗೆ, ಎರಡನೆಯದು 14ರಿಂದ 26 ವಾರದ ನಡುವೆ, ಮೂರನೆಯದು 28ರಿಂದ 34ರ ನಡುವೆ, ನಾಲ್ಕನೆಯದು 36 ವಾರದಿಂದ ಹೆರಿಗೆಯ ಒಳಗೆ. ನಾಲ್ಕು ಎಂಬುದು ಇದಕ್ಕಿಂತ ಕಡಿಮೆಯಾಗಬಾರದು ಎಂಬ ಗೆರೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಭೇಟಿಗಳನ್ನು ಸೂಚಿಸುತ್ತ ಬಂದಿದೆ. ಹಾಗಾಗಿ 28 ವಾರದವರೆಗೆ ತಿಂಗಳಿಗೊಮ್ಮೆ, 36ರವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ತೋರಿಸಿಕೊಳ್ಳಲು ಸಾಧ್ಯವಿರುವವರು ಹಾಗೆಯೇ ಮಾಡಲಿ.

ಈ ನಡುವೆ ಕಾಲ ಮೀರಿದರೆ ಪ್ರಯೋಜನ ಕಡಿಮೆಯಾಗುವ ಎರಡು ಪರೀಕ್ಷೆಗಳೂ ಒಂದು ಚುಚ್ಚುಮದ್ದೂ ಇವೆ. ಮೊದಲನೆಯದು 18ರಿಂದ 20 ವಾರದ ನಡುವಿನ ಸ್ಕ್ಯಾನಿಂಗ್. ನಮ್ಮ ಉದಾಹರಣೆಯಲ್ಲಿ ಅದು ಮೇ 16ರಿಂದ 30ರ ನಡುವೆ ಬರುತ್ತದೆ. ಮಗುವಿನ ಹೃದಯ, ಬೆನ್ನು, ಮೂತ್ರಪಿಂಡ, ಕೈಕಾಲುಗಳನ್ನು ಒಂದೊಂದಾಗಿ ನೋಡುವುದು ಆಗಲೇ. ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಜನಸಂದಣಿ ಹೆಚ್ಚು. 16ನೆಯ ವಾರದಲ್ಲಿಯೇ ಹೋಗಿ ದಿನ ಗೊತ್ತುಮಾಡಿಕೊಂಡು ಬನ್ನಿ. ವೈದ್ಯರು ಬರೆದುಕೊಟ್ಟ ಚೀಟಿ ಮತ್ತು ಗುರುತಿನ ಚೀಟಿ ಬೇಕಾಗುತ್ತದೆ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ. ಜೊತೆಯಲ್ಲಿ ಬಂದವರು ಒತ್ತಾಯಿಸಿದರೆ ಗೋಡೆಯ ಮೇಲಿನ ಫಲಕವನ್ನು ತೋರಿಸಿ.

ಎರಡನೆಯದು 24ರಿಂದ 28 ವಾರದ ನಡುವಿನ ಸಕ್ಕರೆ ಪರೀಕ್ಷೆ. ಮೊದಲ ಭೇಟಿಯಲ್ಲಿ ಒಮ್ಮೆ ಸರಿಯಿದೆ ಎಂದಿದ್ದರೂ ಈ ವಾರಗಳಲ್ಲಿ ಮತ್ತೊಮ್ಮೆ ಮಾಡಿಸಬೇಕು, ಏಕೆಂದರೆ ಬಸಿರಿನ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಐದು ತಿಂಗಳು ಕಳೆದ ಮೇಲೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಇದೆ ಎಂದು ಅರ್ಥ. ಸರ್ಕಾರಿ ಕೇಂದ್ರದಲ್ಲಿ ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ, ಆದರೆ ಕೆಲವು ಖಾಸಗಿ ಪ್ರಯೋಗಾಲಯಗಳು ಬೇರೆ ಕ್ರಮ ಅನುಸರಿಸುವುದರಿಂದ ಹಿಂದಿನ ದಿನವೇ ಕೇಳಿಕೊಳ್ಳಿ. ಆ ಎರಡು ಗಂಟೆ ಅಲ್ಲಿಯೇ ಕುಳಿತಿರಬೇಕು. ಪರೀಕ್ಷೆ ಮುಗಿದೊಡನೆ ತಿನ್ನಲು ಡಬ್ಬಿಯಲ್ಲಿ ಏನಾದರೂ ಇಟ್ಟುಕೊಂಡು ಹೋಗಿ.

ಮೂರನೆಯದು ರಕ್ತದ ಗುಂಪು ನೆಗೆಟಿವ್ ಇರುವವರಿಗೆ ಮಾತ್ರ. ತಾಯಿಯದು ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ ತಾಯಿಯ ದೇಹ ಮಗುವಿನ ರಕ್ತಕ್ಕೆ ಎದುರಾಗಿ ನಿಲ್ಲುವ ಕಣಗಳನ್ನು ಬೆಳೆಸಿಕೊಳ್ಳಬಹುದು. ಇದರಿಂದ ತೊಂದರೆಯಾಗುವುದು ಹೆಚ್ಚಾಗಿ ಮುಂದಿನ ಬಸಿರಿಗೆ. ಇದನ್ನು ತಡೆಯಲು 28 ವಾರಕ್ಕೆ ಒಂದು ಆ್ಯಂಟಿ-ಡಿ ಚುಚ್ಚುಮದ್ದು, ಹುಟ್ಟಿದ ಮಗುವಿನ ಗುಂಪು ಪಾಸಿಟಿವ್ ಎಂದು ತಿಳಿದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು ಕೊಡುತ್ತಾರೆ. ನಿಮ್ಮ ಗುಂಪು ನೆಗೆಟಿವ್ ಆಗಿದ್ದರೆ ಮನೆಯಲ್ಲಿ ಕನಿಷ್ಠ ಮೂವರಿಗೆ ಅದು ಬಾಯಿಪಾಠವಾಗಿರಲಿ.

ಧನುರ್ವಾಯು ಮತ್ತು ಗಂಟಲುಮಾರಿ ತಡೆಯುವ ಟಿಡಿ ಚುಚ್ಚುಮದ್ದನ್ನು ಹೆಸರು ಬರೆಸಿದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು ಕೊಡುತ್ತಾರೆ. ಕಳೆದ ಮೂರು ವರ್ಷದೊಳಗಿನ ಬಸಿರಿನಲ್ಲಿ ಎರಡೂ ಆಗಿದ್ದರೆ ಈಗ ಒಂದೇ ಸಾಕು. ಹಳೆಯ ತಾಯಿ ಕಾರ್ಡನ್ನು ಎಸೆಯದೆ ಇಟ್ಟುಕೊಂಡವರಿಗೆ ಇಲ್ಲಿ ಅನುಕೂಲ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುತ್ತದೆ. 2016ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ನಾಲ್ಕನೆಯ ತಿಂಗಳಿನಿಂದಾಚೆಗಿನ ಬಸುರಿಯರನ್ನು ವೈದ್ಯರೇ ಉಚಿತವಾಗಿ ನೋಡುತ್ತಾರೆ. 9ನೆಯ ತಾರೀಕು ರಜೆಯಾಗಿದ್ದರೆ ಮಾರನೆಯ ಕೆಲಸದ ದಿನ ನಡೆಯುತ್ತದೆ. ತೊಂದರೆಯ ಲಕ್ಷಣ ಕಂಡವರ ಕಾರ್ಡಿಗೆ ಕೆಂಪು ಚೀಟಿ, ಇಲ್ಲದವರಿಗೆ ಹಸಿರು ಚೀಟಿ ಅಂಟಿಸುತ್ತಾರೆ. ಕೆಂಪು ಚೀಟಿ ಕಂಡು ಅಳುತ್ತ ಮನೆಗೆ ಬಂದವರನ್ನು ಬಲ್ಲೆ. ಅದು ಅಪಾಯ ಆಗಿಯೇ ತೀರುತ್ತದೆ ಎಂಬ ಮಾತಲ್ಲ. ಇವರನ್ನು ಹೆಚ್ಚು ಸಲ ನೋಡಿ, ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ ಎಂದು ಮುಂದಿನವರಿಗೆ ತಿಳಿಸುವ ಗುರುತು.

ಮಾತ್ರೆಗಳು

ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್. ನಾಲ್ಕನೆಯ ತಿಂಗಳಿನಿಂದ ಕೆಂಪು ಬಣ್ಣದ ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ದಿನಕ್ಕೆ ಎರಡು ಬರೆದುಕೊಡುತ್ತಾರೆ. 7ಕ್ಕಿಂತ ಕೆಳಗಿಳಿದಿದ್ದರೆ ಮಾತ್ರೆಯಿಂದ ಆಗುವ ಮಾತಲ್ಲ, ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆಯಬೇಕು. ಇದರ ಜೊತೆಗೆ ಕ್ಯಾಲ್ಸಿಯಂ ದಿನಕ್ಕೆರಡು. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಎರಡರ ನಡುವೆ ಎರಡು ಗಂಟೆಯಾದರೂ ಇರಲಿ. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿಯ ಜೊತೆ ಒಂದು, ಮಧ್ಯಾಹ್ನ ಊಟದ ಜೊತೆ ಒಂದು, ಕಬ್ಬಿಣ ರಾತ್ರಿ ಮಲಗುವ ಮುನ್ನ ಎಂದಿಟ್ಟುಕೊಂಡರೆ ನೆನಪಿಡಲು ಸುಲಭ. ಕಬ್ಬಿಣದ ಮಾತ್ರೆಯ ಆಜುಬಾಜಿನಲ್ಲಿ ಕಾಫಿ, ಟೀ ಬೇಡ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಲ ಕಪ್ಪಾಗುವುದು, ಸ್ವಲ್ಪ ಮಲಬದ್ಧತೆ ಆಗುವುದು ಸಹಜ. ಈ ಮಾತ್ರೆಯಿಂದ ಮಗು ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ, ಆದರೆ ಅದನ್ನು ನಂಬಿ ಮಾತ್ರೆಗಳನ್ನು ಅಕ್ಕಿ ಡಬ್ಬಿಯ ಹಿಂದೆ ಕೂಡಿಡುವವರು ಇಂದಿಗೂ ಇದ್ದಾರೆ. ಹೊಟ್ಟೆ ತೊಳಸುವುದಾದರೆ ಬಿಟ್ಟುಬಿಡಬೇಡಿ, ಸಿಸ್ಟರ್‌ಗೆ ಹೇಳಿದರೆ ಹೊತ್ತು ಬದಲಿಸಿ ಕೊಡುತ್ತಾರೆ.

ತವರಿಗೆ ಹೊರಡುವ ಮುನ್ನ

ಏಳರಲ್ಲಿ ಕರೆದೊಯ್ಯಬೇಕು, ಎಂಟರಲ್ಲಿ ಹೊರಡಿಸಬಾರದು ಎಂಬ ಮಾತು ಹಲವು ಮನೆಗಳಲ್ಲಿದೆ. ಮನೆಯ ಪದ್ಧತಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಸೀಮಂತಕ್ಕೆ ಮುಹೂರ್ತ ನೋಡಲು ಕುಳಿತಾಗ ಪಂಚಾಂಗದ ಪಕ್ಕದಲ್ಲಿ ತಾಯಿ ಕಾರ್ಡನ್ನೂ ಬಿಚ್ಚಿಟ್ಟುಕೊಳ್ಳಿ. ನಮ್ಮ ಉದಾಹರಣೆಯ ಬಸುರಿಗೆ ಜೂನ್ 27ಕ್ಕೆ 24 ವಾರ, ಜುಲೈ 25ಕ್ಕೆ 28 ವಾರ ತುಂಬುತ್ತದೆ. ಏಳನೆಯ ತಿಂಗಳಿನ ಸೀಮಂತ ಹೆಚ್ಚುಕಡಿಮೆ ಇದೇ ದಿನಗಳಲ್ಲಿ ಬರುವುದರಿಂದ ಸಕ್ಕರೆ ಪರೀಕ್ಷೆಯೂ ಆ್ಯಂಟಿ-ಡಿಯೂ ಸಮಾರಂಭದ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಬಳೆ ತೊಡಿಸಲು ದಿನ ಗೊತ್ತುಮಾಡಿದ ಹಾಗೆಯೇ ಹೊರಡುವ ಹಿಂದಿನ ವಾರ ಒಂದು ತಪಾಸಣೆಗೂ ದಿನ ಗೊತ್ತುಮಾಡಿ.

ಆ ತಪಾಸಣೆಯಲ್ಲಿ ಸಿಸ್ಟರ್‌ಗೆ ಯಾವ ಊರಿಗೆ ಹೋಗುತ್ತೀರಿ, ಎಂದು ಹೊರಡುತ್ತೀರಿ ಎಂದು ತಿಳಿಸಿ. ಆವರೆಗಿನ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್ ಎಲ್ಲವನ್ನೂ ಕಾರ್ಡಿನಲ್ಲಿ ಭರ್ತಿ ಮಾಡಿಸಿಕೊಳ್ಳಿ. ಸಿಸ್ಟರ್ ಬಳಿಯ ದಪ್ಪ ರಿಜಿಸ್ಟರಿನಲ್ಲಿ ಬರೆದು ಕಾರ್ಡಿನಲ್ಲಿ ಬರೆಯದೆ ಉಳಿದದ್ದು ತವರಿನವರ ಕಣ್ಣಿಗೆ ಬೀಳುವುದಿಲ್ಲ. ಒಂದು ತಿಂಗಳಿಗೆ ಆಗುವಷ್ಟು ಮಾತ್ರೆ ಕೇಳಿ ಪಡೆಯಿರಿ. ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆಯ ಚೀಟಿಗಳು, ಹಿಂದೆ ಸಿಸೇರಿಯನ್ ಆಗಿದ್ದರೆ ಆಗಿನ ಬಿಡುಗಡೆ ಪತ್ರ ಇವನ್ನೆಲ್ಲ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ. ಕಾರ್ಡಿನ ಎಲ್ಲ ಪುಟಗಳ ಫೋಟೊ ತೆಗೆದು ನಿಮ್ಮ, ಗಂಡನ, ತಾಯಿಯ ಫೋನುಗಳಲ್ಲಿ ಇಡಿ. ಲಕೋಟೆಯನ್ನು ಸೀರೆಗಳ ಪೆಟ್ಟಿಗೆಯಲ್ಲಿ ಅಲ್ಲ, ಕೈಚೀಲದಲ್ಲಿ ಇಟ್ಟುಕೊಂಡು ಪ್ರಯಾಣ ಮಾಡಿ. ದಾರಿಯಲ್ಲಿ ಏನಾದರೂ ಆದರೆ ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ.

ತವರಿನ ಊರಿನ ಆಶಾ ಕಾರ್ಯಕರ್ತೆಗೆ ನಿಮ್ಮ ತಾಯಿಯೋ ಅಣ್ಣನೋ ಒಂದು ವಾರ ಮೊದಲೇ ಸುದ್ದಿ ಮುಟ್ಟಿಸಲಿ. ನೀವು ಹೋದ ಮೇಲೆ ಮೊದಲ ವಾರದಲ್ಲಿಯೇ ಅಲ್ಲಿಯ ಉಪಕೇಂದ್ರಕ್ಕೆ ಹೋಗಿ, ಇರುವ ಕಾರ್ಡನ್ನೇ ಮುಂದುವರಿಸಿ ಎಂದು ಕೇಳಿ. ಹೊಸ ಕಾರ್ಡ್ ಮಾಡಿಸಿದರೆ ಹಿಂದಿನ ಆರು ತಿಂಗಳ ಲೆಕ್ಕ ಹಳೆಯ ಕಾರ್ಡಿನಲ್ಲಿಯೇ ಉಳಿಯುತ್ತದೆ, ಒಬ್ಬಳೇ ಬಸುರಿ ಎರಡು ಕಡೆ ಇಬ್ಬರಾಗುತ್ತಾಳೆ, ಹಣ ಬರಬೇಕಾದ ಯೋಜನೆಗಳಲ್ಲೂ ತೊಡಕಾಗುತ್ತದೆ. ಮನೆ ದೂರವಿದ್ದು ಕಾರ್ಡಿಗೆ ಕೆಂಪು ಚೀಟಿ ಬಿದ್ದಿದ್ದರೆ ಒಂದು ಮಾತನ್ನು ಎರಡೂ ಮನೆಯವರು ಕುಳಿತು ಯೋಚಿಸಬೇಕು. ತವರಿನಿಂದ ರಕ್ತ ಸಿಗುವ, ಶಸ್ತ್ರಚಿಕಿತ್ಸೆಯಾಗುವ ಆಸ್ಪತ್ರೆಗೆ ಎಷ್ಟು ದೂರ? ಗಂಡನ ಮನೆ ಮೈಸೂರಿನಲ್ಲಿದ್ದು ಚೆಲುವಾಂಬ ಆಸ್ಪತ್ರೆ ಹತ್ತಿರವಿದ್ದರೆ, ಬೆಂಗಳೂರಿನಲ್ಲಿದ್ದು ವಾಣಿವಿಲಾಸ ಆಸ್ಪತ್ರೆ ಹತ್ತಿರವಿದ್ದರೆ, ಅಂಥವರು ಬಾಣಂತನಕ್ಕೆ ತವರಿಗೆ ಹೋಗುವುದು ಸರಿ, ಹೆರಿಗೆಗೆ ಮಾತ್ರ ಇದ್ದಲ್ಲಿಯೇ ಇದ್ದು ತಾಯಿಯನ್ನೇ ಇಲ್ಲಿಗೆ ಕರೆಸಿಕೊಳ್ಳುವುದು ಹೆಚ್ಚು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಕೊನೆಯ ತಪಾಸಣೆಗಳಲ್ಲಿ ಮಗುವಿನ ತಲೆ ಕೆಳಗಿದೆಯೇ ಎಂದು ನೋಡುತ್ತಾರೆ. ಆಗ ಯಾವ ಆಸ್ಪತ್ರೆಯಲ್ಲಿ ಹೆರಿಗೆ, ಅಲ್ಲಿಗೆ ರಾತ್ರಿಹೊತ್ತು ಹೋಗುವುದು ಹೇಗೆ, ಜೊತೆಗೆ ಯಾರು, ರಕ್ತ ಬೇಕಾದರೆ ಕೊಡುವವರು ಯಾರು ಎಂಬುದನ್ನು ಸಿಸ್ಟರ್ ಎದುರೇ ತೀರ್ಮಾನಿಸಿ.

ತಾರೀಕಿಗೆ ಕಾಯಬಾರದ ಸಂದರ್ಭಗಳು

ಯಾವ ತಿಂಗಳಲ್ಲಾದರೂ ರಕ್ತ ಹೋದರೆ, ತಡೆಯಲಾರದ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಮತ್ತು ಕೈ ಊದಿಕೊಂಡರೆ, ಫಿಟ್ಸ್ ಬಂದರೆ, ಜ್ವರ ಇಳಿಯದಿದ್ದರೆ, ಕುಳಿತಲ್ಲೇ ಏದುಸಿರು ಬಂದರೆ, ನೋವಿಲ್ಲದೆ ನೀರು ಹೋದರೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ನೋವಾದರೆ 108ಕ್ಕೆ ಕರೆ ಮಾಡಿ ಅದೇ ಗಳಿಗೆಯಲ್ಲಿ ಹೊರಡಿ. ಬೆಳಗಾಗಲಿ, ಅವರು ಬರಲಿ ಎಂದು ಕಾಯಬೇಡಿ. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಮೈಯಲ್ಲಿ ಏನೂ ತೊಂದರೆ ಕಾಣದಿದ್ದರೂ ವೈದ್ಯರನ್ನು ಕಾಣಲೇಬೇಕು.

ಮಗುವಿನ ಮಿಸುಕಾಟದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಚೊಚ್ಚಲ ಬಸಿರಿನಲ್ಲಿ 18ರಿಂದ 20 ವಾರದ ಸುಮಾರಿಗೆ ಅದು ತಿಳಿಯತೊಡಗುತ್ತದೆ, ಏಳನೆಯ ತಿಂಗಳ ಹೊತ್ತಿಗೆ ಪ್ರತಿ ಮಗುವಿಗೂ ತನ್ನದೇ ಆದ ಒಂದು ರೀತಿ ಬಂದಿರುತ್ತದೆ. ಆ ರೀತಿ ಬದಲಾಗಿ ಮಿಸುಕಾಟ ಕಡಿಮೆಯಾಯಿತು ಎಂದು ನಿಮಗೆ ಅನ್ನಿಸಿದರೆ ಊಟ ಮಾಡಿ ಎಡಮಗ್ಗುಲಾಗಿ ಮಲಗಿ ಗಮನಿಸಿ. ಆಗಲೂ ತಿಳಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಮಗುವಿನ ಎದೆಬಡಿತ ಕೇಳಿಸಿಕೊಂಡು ಬನ್ನಿ. ದಿನ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತದೆ ಎಂದು ಹೇಳುವವರಿದ್ದಾರೆ, ಆ ಮಾತನ್ನು ನಂಬಿ ಕೂರಬೇಡಿ. ಹೆತ್ತವಳಿಗೆ ಹೊಟ್ಟೆಯೊಳಗಿನ ಸುದ್ದಿ ತಿಳಿದಷ್ಟು ಬೇರೆಯವರಿಗೆ ತಿಳಿಯುವುದಿಲ್ಲ.

ಖರ್ಚು ಮತ್ತು ನೆರವು

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಆಸ್ಪತ್ರೆಯಲ್ಲಿರುವಾಗಿನ ಊಟ, ಹೋಗಿಬರುವ ವಾಹನ ಇವೆಲ್ಲ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತ. ಹೆರಿಗೆಯ ನಂತರ ಮನೆಗೆ ಬಿಡಲು ನಗು-ಮಗು ವಾಹನವಿದೆ. ಬಿಪಿಎಲ್ ಕುಟುಂಬದವರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯವರಾದರೆ 700, ಪಟ್ಟಣದವರಾದರೆ 600 ರೂಪಾಯಿ ಸಿಗುತ್ತದೆ. ಮಾತೃವಂದನಾ ಯೋಜನೆಯಲ್ಲಿ ಅರ್ಹರಾದವರಿಗೆ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ, ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ಬರುತ್ತದೆ. ಮೊದಲ ಕಂತಿಗೆ ಕನಿಷ್ಠ ಒಂದು ತಪಾಸಣೆ ಕಾರ್ಡಿನಲ್ಲಿ ದಾಖಲಾಗಿರಬೇಕು, ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲಿದ್ದು ಆಧಾರ್ ಜೋಡಣೆ ಆಗಿರಬೇಕು. ಮದುವೆಗೆ ಮುಂಚಿನ ಹೆಸರು ಆಧಾರ್‌ನಲ್ಲಿ, ಗಂಡನ ಮನೆಯ ಹೆಸರು ಪಾಸ್‌ಬುಕ್‌ನಲ್ಲಿ ಇದ್ದರೆ ಹಣ ನಿಂತುಹೋಗುತ್ತದೆ, ಅದನ್ನು ಬಸಿರಿನ ಮೊದಲ ತಿಂಗಳುಗಳಲ್ಲಿಯೇ ಸರಿಪಡಿಸಿಕೊಳ್ಳಿ. ಅಂಗನವಾಡಿಯಲ್ಲಿ ಹೆಸರು ಬರೆಸಿದವರಿಗೆ 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಆಹಾರವೂ ಸಿಗುತ್ತದೆ.

ಹೆರಿಗೆಯಾದ ಮೇಲೆ

ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಚುಚ್ಚುಮದ್ದು, ಜೊತೆಗೆ ಬಿಸಿಜಿ ಮತ್ತು ಪೋಲಿಯೊ ಹನಿ ಕೊಟ್ಟು ತಾಯಿ ಕಾರ್ಡಿನ ಕೊನೆಯ ಪುಟಗಳಲ್ಲಿ ಬರೆಯುತ್ತಾರೆ. ಅಲ್ಲಿಂದ ಮುಂದೆ ಆ ಕಾರ್ಡ್ ಮಗುವಿನದೂ ಹೌದು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ತಾಯಿ ಮತ್ತು ಮಗುವನ್ನು ನೋಡಬೇಕು. ಬಾಣಂತಿ ಕೋಣೆಗೆ ಹೊರಗಿನವರು ಬರಬಾರದೆಂದು ಅವರನ್ನು ಬಾಗಿಲಿನಿಂದಲೇ ಕಳಿಸಬೇಡಿ. ಕೈ ತೊಳೆದು ಒಳಗೆ ಬಂದು ಮಗುವಿನ ತೂಕ ನೋಡಲಿ, ಹೊಕ್ಕುಳು ನೋಡಲಿ, ಬಾಣಂತಿಗೆ ರಕ್ತಸ್ರಾವ ಹೆಚ್ಚಿದೆಯೇ ಎಂದು ಕೇಳಲಿ.

ಆಮೇಲಿನ ಚುಚ್ಚುಮದ್ದುಗಳು 6, 10 ಮತ್ತು 14 ವಾರಕ್ಕೆ. ಮೊದಲ ಎರಡು ತವರಿನಲ್ಲಿ ಆಗಿಬಿಡುತ್ತವೆ. 14ನೆಯ ವಾರದ್ದು ಮಾತ್ರ ಮೂರು ತಿಂಗಳು ತುಂಬಿ ತೊಟ್ಟಿಲು, ಹಾಸಿಗೆ, ಒಳಲೆ ಎಲ್ಲ ಕಟ್ಟಿಕೊಂಡು ಗಂಡನ ಮನೆಗೆ ಮರಳುವ ದಿನಗಳಲ್ಲಿಯೇ ಬರುತ್ತದೆ. ಹೊರಡುವ ಮುನ್ನ ತವರಿನ ಸಿಸ್ಟರ್ ಬಳಿ ಹೋಗಿ ಆ ಚುಚ್ಚುಮದ್ದು ಎಲ್ಲಿ ಹಾಕಿಸಬೇಕೆಂದು ಕೇಳಿಕೊಂಡು, ಕಾರ್ಡನ್ನು ಮಗುವಿನ ಬಟ್ಟೆಯ ಚೀಲದಲ್ಲಿ ಮೇಲುಗಡೆಯೇ ಇಟ್ಟುಕೊಂಡು ಹೊರಡಿ.